ಶಾಂತತ್ತೆಯ ಎದೆ, ಅಜ್ಜಿಯ ಉಪ್ಪು

ಲಾಟೀನಿನ ಗಾಜಿಗೆ ಬೂದಿ ಹಚ್ಚಿ ಒರೆಸುವುದು ನನ್ನ ಕೆಲಸವಾಗಿತ್ತು. ಮನೆಯಲ್ಲಿದ್ದವರ ಪೈಕಿ ನನ್ನ ಕೈ ಮಾತ್ರ ಅದರೊಳಗೆ ಸಲೀಸಾಗಿ ಹೋಗುತ್ತಿತ್ತು, ಅದಕ್ಕೆ. ಆ ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕೂತು ಎರಡನೆಯ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮುಂದಿನ ಅಂಗಡಿಯಿಂದ ಅಪ್ಪ ಅವ್ವನನ್ನು ಕರೆದ. ಶಿರಾಳಕೊಪ್ಪದ ದೊಡ್ಡ ರಸ್ತೆಗೆ ಮುಖ ಮಾಡಿ ಅಪ್ಪನ ಸೈಕಲ್ ರಿಪೇರಿ ಅಂಗಡಿ, ಅದರ ಹಿಂದೆ ಪಡಸಾಲೆ, ಆಮೇಲೆ ಹಗಲಲ್ಲೂ ಕತ್ತಲಿರುವ ನಡುಮನೆ, ಅದಕ್ಕಂಟಿ ಅಡುಗೆಮನೆ, ಕೊನೆಗೆ ಹಿತ್ತಲು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಜೋಡಿಸಿದ ಮನೆ ಅದು. ಕೆಲಸದ ಹೊತ್ತಿನಲ್ಲಿ ಅಪ್ಪ ಒಳಗಿನವರನ್ನು ಕರೆಯುವವನೇ ಅಲ್ಲ. ಹಾಗಾಗಿ ಅವ್ವನ ಹಿಂದೆ ನಾನೂ ಬೂದಿಗೈಯಲ್ಲೇ ಓಡಿದೆ.

"ಶಾಂತ ಬಂದಾಳಂತೆ," ಅಂದ ಅಪ್ಪ. "ಬಸ್ಸಿಂದ ಇಳಿದವಳು ಅಲ್ಲೇ ಮರದ ಬುಡಕ್ಕೆ ಕೂತುಬಿಟ್ಟಾಳಂತೆ. ನಾಲ್ಕು ಹೆಜ್ಜೆ ಇಡೋಕೂ ಆಗ್ತಿಲ್ಲ ಅಂತ ಬಸ್ಸಿನ ಏಜೆಂಟರು ಹೇಳಿ ಕಳಿಸ್ಯಾರೆ."

ಶಾಂತತ್ತೆ ಅಪ್ಪನ ಒಬ್ಬಳೇ ತಂಗಿ. ಸೊರಬದ ಆಚೆ ಉಳವಿಗೆ ಕೊಟ್ಟು ಎರಡು ವರ್ಷವಾಗಿತ್ತು. ಅಪ್ಪ ರಿಪೇರಿಗೆ ಬಂದಿದ್ದ ಯಾರದೋ ಸೈಕಲ್ಲನ್ನೇ ಎಳೆದುಕೊಂಡು ಹೋದ. ಬರುವಾಗ ಅತ್ತೆಯನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿ, ಒಂದು ಕೈಯಲ್ಲಿ ಅವಳ ಬೆನ್ನು ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ತಳ್ಳಿಕೊಂಡು ಬಂದ. ಹಿಂದೆ ಟ್ರಂಕು ಹೊತ್ತುಕೊಂಡು ಅತ್ತೆಯ ಗಂಡ, ನಮ್ಮ ಮಾವ. ಮದುವೆಯಲ್ಲಿ ದುಂಡಗೆ ಇದ್ದ ಅತ್ತೆಯ ಮುಖ ಈಗ ಕೆನ್ನೆ ಒಳಗೆ ಹೋಗಿ ಕತ್ತರಿಸಿದ ಹಾಗಿತ್ತು, ಪಾದ ಮಾತ್ರ ಊದಿ ಕಾಲುಂಗುರ ಮಾಂಸದೊಳಗೆ ಹುದುಗಿತ್ತು. ನನ್ನನ್ನು ನೋಡಿ "ಪಾರೀ" ಅಂದಳು. ಅಷ್ಟನ್ನು ಹೇಳಲು ಎರಡು ಸಲ ಉಸಿರು ತೆಗೆದುಕೊಂಡಳು.

ಅಜ್ಜಿ ಬಾಗಿಲಲ್ಲೇ ಅಳಿಯನನ್ನು ತಡೆದು ನಿಲ್ಲಿಸಿದಳು.

"ಕೊಟ್ಟಾಗ ನನ್ನ ಮಗಳು ನಡ್ಕೊಂಡು ನಿಮ್ಮನೆಗೆ ಬಂದಿದ್ಲು ಕಣಪ್ಪಾ. ಈಗ ಏರಿಸ್ಕೊಂಡು ಬರೋ ಹಾಗೆ ಮಾಡಿ ತಂದೀಯಲ್ಲ."

ಮಾವ ಟ್ರಂಕನ್ನು ಇಳಿಸಲಿಲ್ಲ. ತಲೆಯ ಮೇಲೆ ಇಟ್ಟುಕೊಂಡೇ ಮಾತಾಡಿದ.

"ಅತ್ತೀ, ನಮ್ಮವ್ವ ಇವಳಿಗೆ ಮೈಗಳ್ಳಿ ಅಂತಿದ್ಲು. ಎರಡು ಕೊಡ ನೀರು ತಂದ್ರೆ ಉಸ್ಸಂತ ಕೂತ್ಬಿಡ್ತಾಳೆ ಅಂತ. ಸುಳ್ಯಾಕೆ ಹೇಳ್ಲಿ, ನಂಗೂ ಹಂಗೇ ಅನಿಸಿತ್ತು. ಮೊನ್ನೆ ಬಾವಿಕಟ್ಟೆ ಮೇಲೆ ಇವಳ ತುಟಿ ನೇರಳೆಹಣ್ಣು ತಿಂದಂಗೆ ಆಗಿತ್ತು. ಅದನ್ನ ನೋಡಿದ ಮೇಲೆ ನಂಗೆ ಹೆದರಿಕೆ ಆಯ್ತು."

ಸುಳ್ಳು ಹೇಳದೆ ಒಪ್ಪಿಕೊಂಡ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. "ಟ್ರಂಕು ಇಳಿಸು, ಕುತ್ತಿಗೆ ನೋಯ್ತದೆ," ಅಂದಳು.

ನಡುಮನೆಯಲ್ಲಿ ಹಾಸಿಗೆ ಹಾಸಿದರೂ ಅತ್ತೆಗೆ ಮಲಗಲು ಆಗುತ್ತಿರಲಿಲ್ಲ. ಮಲಗಿದರೆ ಮುಳುಗಿದ ಹಾಗಾಗುತ್ತದೆ ಅನ್ನುತ್ತಿದ್ದಳು. ಅವ್ವ ಮೂರು ಹಾಸಿಗೆ ಸುರುಳಿ ಸುತ್ತಿ ಗೋಡೆಗೆ ಒರಗಿಸಿಟ್ಟಳು. ಅತ್ತೆ ಅದಕ್ಕೆ ಬೆನ್ನು ಕೊಟ್ಟು ಕೂತೇ ಕಣ್ಣು ಮುಚ್ಚುತ್ತಿದ್ದಳು. ಸಂಜೆ ಡಾಕ್ಟರು ಬಂದರು. ಅವರ ಸೈಕಲ್ಲಿಗೆ ಅಪ್ಪನೇ ಗತಿಯಾದ್ದರಿಂದ ನಮ್ಮ ಮನೆಗೆ ಅವರು ಕರೆದ ಕೂಡಲೇ ಬರುತ್ತಿದ್ದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಚಿಕ್ಕವಳಿದ್ದಾಗ ಕೀಲು ನೋವಿನ ಜ್ವರವೇನಾದರೂ ಬಂದಿತ್ತೇ ಎಂದು ಅಜ್ಜಿಯನ್ನು ಕೇಳಿದರು. ಬಂದಿತ್ತು. ಹತ್ತು ವರ್ಷದವಳಿದ್ದಾಗ ಒಂದು ದಿನ ಮಂಡಿ ಊದಿದರೆ ಇನ್ನೊಂದು ದಿನ ಮೊಣಕೈ ಊದಿ, ಹದಿನೈದು ದಿನ ಮಲಗಿದ್ದವಳು ತಾನಾಗಿ ಎದ್ದು ಓಡಾಡಿದ್ದಳು. ಅದಕ್ಕೇ ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

"ಆ ಜ್ವರ ಕೀಲು ಬಿಟ್ಟು ಎದೆ ಒಳಗೆ ಹೋಗಿ ಕೂತಿತ್ತಮ್ಮ. ಅವಾಗ್ಲೇ ವಾಲ್ ಹಾಳಾಗಿದೆ," ಎಂದರು ಡಾಕ್ಟರು.

ಅಜ್ಜಿಗೆ ಅರ್ಥವಾಗಲಿಲ್ಲ. ಅಪ್ಪನಿಗೆ ಥಟ್ಟನೆ ಆಯಿತು.

"ವಾಲ್ ಅಂದ್ರೆ ನಮ್ಮ ಸೈಕಲ್ ವಾಲೇನ್ರೀ?"

"ಅದೇ ಅಂತ ಇಟ್ಕೊಳ್ಳಿ. ನಿಮ್ಮ ವಾಲ್‌ಟ್ಯೂಬ್ ಮಾಡೋ ಕೆಲಸ ಏನು?"

"ಹಾಕಿದ ಗಾಳಿ ಒಳಗೆ ಹೋಗಬೇಕು, ವಾಪಸ್ ಬರಬಾರದು."

"ಅದು ಲಡ್ಡಾದ್ರೆ?"

"ಎಷ್ಟು ಪಂಪು ಹೊಡೆದ್ರೂ ಅಷ್ಟೇ ರೀ. ಕೈ ಸೋಲ್ತದೆ, ಟೈರು ತುಂಬಲ್ಲ."

"ಇವಳ ಎದೆ ಹಂಗೆ ಹೊಡೆದೂ ಹೊಡೆದೂ ಸೋತಿದೆ," ಎಂದರು ಡಾಕ್ಟರು. ತಮ್ಮ ಮುಷ್ಟಿ ಮಡಚಿ ತೋರಿಸಿದರು. ಎದೆಗುಂಡಿಗೆ ಇಷ್ಟೇ ದೊಡ್ಡದು, ಒಳಗೆ ನಾಲ್ಕು ಕೋಣೆ, ಕೋಣೆ ದಾಟುವಲ್ಲಿ ಒಂದೊಂದು ಬಾಗಿಲು, ಎಲ್ಲ ಬಾಗಿಲೂ ಒಂದೇ ಕಡೆಗೆ ತೆರೆಯುವಂಥವು ಎಂದರು. ಮೈಯಿಂದ ಬಂದ ಸೋತ ರಕ್ತ ಬಲಗಡೆ ಕೋಣೆಗೆ ಬಂದು ಶ್ವಾಸಕೋಶಕ್ಕೆ ಹೋಗಿ ಗಾಳಿ ತುಂಬಿಕೊಂಡು ಎಡಗಡೆ ಕೋಣೆಗೆ ವಾಪಸ್ ಬರುತ್ತದೆ, ಅಲ್ಲಿಂದ ತಲೆಯಿಂದ ಉಗುರಿನ ತನಕ ಹೋಗುತ್ತದೆ. ಇವಳ ಎಡಗಡೆಯ ಒಂದು ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ. ಮುಂದೆ ತಳ್ಳಿದ ರಕ್ತದಲ್ಲಿ ಒಂದು ಪಾಲು ಹಿಂದಕ್ಕೇ ಬೀಳುತ್ತದೆ, ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಅದಕ್ಕೇ ಮಲಗಿದರೆ ಮುಳುಗಿದ ಹಾಗೆ. ಹಿಂದೆ ಒತ್ತಡ ಏರಿ ನೀರು ಕಾಲಿಗಿಳಿಯುತ್ತದೆ, ಅದಕ್ಕೇ ಬಾವು.

"ಹೊಸ ವಾಲ್ ಹಾಕೋಕಾಗಲ್ವೇನ್ರೀ?" ಅಪ್ಪ ಕೇಳಿದ. ಮೆತ್ತಗೆ, ಗಿರಾಕಿಯನ್ನು ಕೇಳಿದ ಹಾಗಲ್ಲ, ದೇವರನ್ನು ಕೇಳಿದ ಹಾಗೆ.

"ಅದನ್ನ ಇಟ್ಟಿರೋ ಅಂಗಡಿ ನಂಗೆ ಗೊತ್ತಿರೋ ಮಟ್ಟಿಗೆ ಇನ್ನೂ ತೆರೆದಿಲ್ಲ."

ನಂಬದೆ ನೋಡುತ್ತಿದ್ದ ಅಜ್ಜಿಗಾಗಿ ಅವರು ಇನ್ನೊಂದು ಮಾಡಿ ತೋರಿಸಿದರು. ಅಪ್ಪನ ತೋಳಿಗೆ ಟವೆಲಿನಿಂದ ಕಟ್ಟಿದರು. ಮುಂಗೈಯ ನರಗಳು ಹಗ್ಗದ ಹಾಗೆ ಎದ್ದವು, ಅಲ್ಲಲ್ಲಿ ಸಣ್ಣ ಗಂಟು. ಒಂದು ನರವನ್ನು ಕೆಳಗೆ ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅದರೊಳಗಿನ ರಕ್ತವನ್ನು ತೋಳಿನ ಕಡೆಗೆ ಒಂದು ಗಂಟು ದಾಟುವಷ್ಟು ತೀಡಿ ಬಿಟ್ಟರು. ಗಂಟಿನಿಂದ ಕೆಳಗಿನ ನರ ಖಾಲಿಯಾಗಿ ಚರ್ಮದಲ್ಲಿ ಅಡಗಿತು. ಮೇಲಿನ ರಕ್ತ ಕೆಳಗೆ ಬರಲೇ ಇಲ್ಲ. ಕೆಳಗಿನ ಬೆರಳು ತೆಗೆದ ಕೂಡಲೇ ಕೆಳಗಿನಿಂದ ತುಂಬಿ ಮತ್ತೆ ಎದ್ದಿತು. "ನೋಡಿದ್ರಾ ಅಮ್ಮ, ಕೈಯಲ್ಲೂ ವಾಲ್ ಇದಾವೆ. ದೇವರು ದಾರಿ ಒಂದೇ ಕಡೆಗೆ ಇಟ್ಟಿದಾನೆ," ಎಂದರು. ಅಜ್ಜಿ ಎರಡೂ ಕೈ ಜೋಡಿಸಿದಳು. ಡಾಕ್ಟರಿಗೋ ದೇವರಿಗೋ ಗೊತ್ತಾಗಲಿಲ್ಲ. ನಾನಂತೂ ಆ ಮೇಲೆ ವಾರಗಟ್ಟಲೆ ಅಪ್ಪನ ಕೈ ಹಿಡಿದು ಅದನ್ನೇ ಆಡಿದೆ. ಈ ವಯಸ್ಸಿನಲ್ಲಿ ನನ್ನ ಕೈಯ ನರಗಳೂ ಹಾಗೆಯೇ ಎದ್ದಿವೆ. ಬೆಳಗಿನ ಪೂಜೆಗೆ ಕೂತಾಗ ಅವುಗಳನ್ನು ನೋಡಿದರೆ, ನಾನು ಒಂದು ದಿನವೂ ಹೇಳಿಕೊಡದೆ ಇಷ್ಟು ವರ್ಷ ತಪ್ಪದೆ ನಡೆದ ಕೆಲಸ ಇದು ಎಂದು ಮನಸ್ಸು ತುಂಬುತ್ತದೆ.

ಡಾಕ್ಟರು ಮಾತ್ರೆ ಕೊಟ್ಟರು. ದಿನಕ್ಕೆ ಒಂದೇ, ಎದೆಯ ಬಡಿತಕ್ಕೆ ಬಲ ಕೊಡುವುದು. ಅತ್ತೆ ಕೊಡ ಎತ್ತಬಾರದು, ಮೆಟ್ಟಿಲು ಹತ್ತಬಾರದು, ನೀರು ಕಡಿಮೆ ಕುಡಿಯಬೇಕು. ಎಲ್ಲಕ್ಕಿಂತ ಮುಖ್ಯ, ಉಪ್ಪು ಒಂದು ಹರಳೂ ಕೂಡದು. ಉಪ್ಪು ಮೈಯಲ್ಲಿ ನೀರನ್ನು ಹಿಡಿದು ಕೂರಿಸುತ್ತದೆ, ಆ ನೀರನ್ನೂ ಸೋತ ಎದೆಯೇ ಹೊರಬೇಕು ಎಂದರು. ಮಾವ ಮರುದಿನ ಉಳವಿಗೆ ವಾಪಸಾದ. ಹೋಗುವಾಗ ಅತ್ತೆಯ ಚಪ್ಪಲಿಯನ್ನು ಒರೆಸಿ ಹಾಸಿಗೆಯ ಪಕ್ಕದಲ್ಲಿ ಇಟ್ಟು ಹೋದ.

ಉಪ್ಪಿನ ಮಾತು ಅಜ್ಜಿಯ ಎದೆಗೆ ನಾಟಿತು. ನಮ್ಮ ಮನೆಯ ಪದ್ಧತಿಯಲ್ಲಿ ಎಲೆಯ ತುದಿಗೆ ಮೊದಲು ಬೀಳುವುದೇ ಉಪ್ಪು. ಉಪ್ಪಿಲ್ಲದ ಅನ್ನ ಎಂದರೆ ಅಜ್ಜಿಗೆ ಸಾವಿನ ಸೂತಕದ ಅನ್ನವೇ. ಅಜ್ಜ ಹೋದಾಗ ಹಾಗೆ ಉಂಡ ದಿನಗಳನ್ನು ಅಜ್ಜಿ ಮರೆತಿರಲಿಲ್ಲ. ಮುತ್ತೈದೆ ಮಗಳ ಮುಂದೆ, ಉಸಿರಿರುವಾಗಲೇ, ಅಂಥ ಅನ್ನವನ್ನು ಇಡುವುದೆಂದರೆ ಸಾವಿಗೆ ಮಣೆ ಹಾಕಿ ಕರೆದ ಹಾಗೆ ಎಂದು ಅವಳ ನಂಬಿಕೆ. ಅವ್ವ ಬೇರೆ ಮಡಕೆಯಲ್ಲಿ ಸಪ್ಪೆ ಸಾರು ಮಾಡಿ ನಿಂಬೆಹುಳಿ ಹಿಂಡಿ ಕೊಡುತ್ತಿದ್ದಳು. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಮೂರನೆಯ ದಿನ ಅಜ್ಜಿ ನನ್ನನ್ನು ದೇವರ ಮುಂದೆ ಕರೆದಳು. ದೇವರೆಂದರೆ ನಡುಮನೆಯ ಗೂಡಿನಲ್ಲಿದ್ದ ಶಿಕಾರಿಪುರದ ಹುಚ್ಚರಾಯಸ್ವಾಮಿಯ ಪಟ.

"ನಿಮ್ಮವ್ವ ತಟ್ಟೆ ಕೊಟ್ಟ ಕೂಡ್ಲೇ ನನ್ನ ಹತ್ರ ತಗಂಬಾ. ಆಮೇಲೆ ಅತ್ತೆಗೆ ಕೊಡು. ಯಾರಿಗೂ ಹೇಳಂಗಿಲ್ಲ. ಸ್ವಾಮಿ ಮೇಲೆ ಆಣೆ ಮಾಡು."

ನಾನು ಪಟ ಮುಟ್ಟಿ ಆಣೆ ಮಾಡಿದೆ. ಅಂದಿನಿಂದ ತಟ್ಟೆ ಅಡುಗೆಮನೆಯಿಂದ ನಡುಮನೆಗೆ ಹೋಗುವ ಎಂಟು ಹೆಜ್ಜೆಯ ದಾರಿಯಲ್ಲಿ ಅಜ್ಜಿ ಅನ್ನದ ಅಡಿಗೆ ಒಂದು ಮಿಡಿ ಉಪ್ಪಿನಕಾಯಿಯನ್ನು ಅದರ ರಸದ ಸಮೇತ ಇಡುತ್ತಿದ್ದಳು. ಅತ್ತೆ ಮೊದಲ ದಿನ ಬೆರಳಿಗೆ ಸಿಕ್ಕಿದ್ದನ್ನು ನೋಡಿ ನನ್ನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಎಲ್ಲ ಅನ್ನ ಉಂಡಳು. ಅವ್ವನಿಗೆ ಖುಷಿ. "ನನ್ನ ಸಪ್ಪೆ ಸಾರು ರೂಢಿ ಆಯ್ತು ನೋಡೇ," ಅನ್ನುತ್ತಿದ್ದಳು. ನನಗೂ ಖುಷಿಯೇ. ಅತ್ತೆ ಉಣ್ಣುತ್ತಿದ್ದಾಳಲ್ಲ ಎಂದು.

ವಾರ ಕಳೆದು ಬೆಳಿಗ್ಗೆ ಡಾಕ್ಟರು ಬಂದಾಗ ಬಾವು ಮಂಡಿಗೆ ಏರಿತ್ತು. ಅತ್ತೆಗೆ ಈಗ ಮಾತಾಡುವುದೂ ಕಷ್ಟ. ಅವರು ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಹಿಟ್ಟಿನ ಮುದ್ದೆಯಲ್ಲಿ ಉಳಿದ ಹಾಗೆ ಗುಳಿ ಉಳಿಯಿತು.

"ಉಪ್ಪು ಕೊಡ್ತಿಲ್ಲ ತಾನೆ?"

"ಒಂದು ಹರಳು ಹಾಕಿಲ್ಲ ರೀ, ಬೇಕಾದ್ರೆ ಮಡಕೆ ನೋಡ್ರಿ," ಅವ್ವ ಕಣ್ಣೀರು ತಂದುಕೊಂಡಳು. ಅಜ್ಜಿ ಕಂಬ ಹಿಡಿದು ನಿಂತಿದ್ದಳು. ಅತ್ತೆ ಕಣ್ಣು ಮುಚ್ಚಿಕೊಂಡಳು. ತಾಯಿಯನ್ನು ಬಿಟ್ಟುಕೊಡಬಾರದೆಂದು ಮುಚ್ಚಿಕೊಂಡಿದ್ದು ಅದು, ನಿದ್ದೆಯಲ್ಲ.

ಡಾಕ್ಟರು ಪಡಸಾಲೆಗೆ ಬಂದು ಅಪ್ಪನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದರು. ನಾನು ಬಾಗಿಲ ಮರೆಯಲ್ಲಿದ್ದೆ.

"ಉಪ್ಪು ಬಿಟ್ಟೂ ಇಷ್ಟು ಏರಿದೆ ಅಂದ್ರೆ ಈ ಮಾತ್ರೆ ಸಾಲ್ತಿಲ್ಲ ಅಂತ. ಇವತ್ತಿಂದ ಎರಡು ಮಾಡ್ತೀನಿ. ಆದ್ರೆ ಒಂದು ಮಾತು ಹೇಳಿಬಿಡ್ತೀನಿ, ಈ ಮದ್ದು ಅಳತೆ ಮೀರಿದ್ರೆ ಇದೇ ಎದೆ ನಿಲ್ಲಿಸ್ತದೆ. ಬೇರೆ ದಾರಿ ಕಾಣದೆ ಕೊಡ್ತಾ ಇದೀನಿ."

ಅವರು ಚೀಲದಿಂದ ಮಾತ್ರೆಯ ಶೀಸೆ ತೆಗೆದರು. ಆಣೆ ಮುರಿದರೆ ಕಣ್ಣು ಹೋಗುತ್ತದೆ ಎಂದು ಅಜ್ಜಿಯೇ ಎಷ್ಟೋ ಸಲ ಹೇಳಿದ್ದಳು. ಹೋದರೆ ಹೋಗಲಿ, ಒಂದು ಕಣ್ಣಾದರೂ ಉಳಿಯಬಹುದು ಎಂದು ಲೆಕ್ಕ ಹಾಕಿದೆ. ಹತ್ತು ವರ್ಷದ ಮಗುವಿನ ಲೆಕ್ಕ ಅಷ್ಟೇ.

"ಅಪ್ಪಾ, ಉಪ್ಪಿನಕಾಯಿ ಹಾಕ್ತಿದ್ವಿ. ದಿನಾ. ಎರಡು ಹೊತ್ತೂ."

ಶೀಸೆ ಡಾಕ್ಟರ ಕೈಯಲ್ಲೇ ನಿಂತಿತು. ಅಪ್ಪ ಯಾರ ಮೇಲೂ ಕೈ ಎತ್ತಿದವನಲ್ಲ, ಆವತ್ತು ನನ್ನ ಕಡೆ ಎರಡು ಹೆಜ್ಜೆ ಬಂದ. ಒಳಗಿನಿಂದ ಅಜ್ಜಿ ಬಂದು ನಡುವೆ ನಿಂತಳು.

"ಕೂಸನ್ನ ಮುಟ್ಟಬ್ಯಾಡ. ನಾನೇ ಹಾಕ್ದೋಳು. ನನ್ನ ಕೈಯಾರೆ ನನ್ನ ಮಗಳಿಗೆ ಸೂತಕದ ಕೂಳು ಹೆಂಗೋ ಇಡ್ಲಿ?"

"ಅವಳನ್ನ ಕೊಲ್ಲೋದು ಸರಿ, ಸಪ್ಪೆ ಇಕ್ಕೋದು ತಪ್ಪು, ಅಲ್ಲೇನವ್ವ?" ಅಪ್ಪ ಕೂಗಿದ.

ಅಜ್ಜಿ ನೆಲಕ್ಕೆ ಕುಸಿದಳು. ಡಾಕ್ಟರು ಅಪ್ಪನನ್ನು ತಡೆದು ಅವಳ ಎದುರಿಗೆ ತಾವೂ ಕುಕ್ಕರುಗಾಲಲ್ಲಿ ಕೂತರು. ಪ್ಯಾಂಟು ಹಾಕಿದ ದೊಡ್ಡ ಮನುಷ್ಯರು ಹಾಗೆ ನೆಲದ ಹತ್ತಿರ ಕೂತದ್ದನ್ನು ಶಿರಾಳಕೊಪ್ಪದಲ್ಲಿ ನಾನು ಕಂಡಿರಲಿಲ್ಲ.

"ಅಮ್ಮ, ಈಗ ಗೊತ್ತಾಯ್ತಲ್ಲ, ಬದುಕಿಸಿದ್ರಿ ಅಂದ್ಕೊಳ್ಳಿ. ಗೊತ್ತಾಗದೆ ನಾನು ಎರಡು ಮಾತ್ರೆ ಕೊಟ್ಟಿದ್ರೆ ಪಾಪ ನನ್ನ ತಲೆಗೆ ಬರ್ತಿತ್ತು. ಮಾತ್ರೆ ಒಂದೇ ಇರ್ಲಿ. ನೀರು ಇಳಿಯೋಕೆ ಸೂಜಿ ಹಾಕ್ತೀನಿ. ಉಪ್ಪು ಮಾತ್ರ ನಿಮ್ಮ ಕೈಲಿದೆ."

ಸೂಜಿ ಹಾಕಿ ಅವರು ಹೋದರು. ಮೂತ್ರ ಎಷ್ಟು ಹೋಯಿತೆಂದು ಅಳೆದು ಇಡಿ, ಸಂಜೆ ಬಂದು ಕೇಳುತ್ತೇನೆ ಎಂದು ಹೇಳಿದ್ದರು. ಅಪ್ಪ ಖಾಲಿ ತಗಡಿನ ಡಬ್ಬಿಯೊಂದಕ್ಕೆ ಒಳಗಡೆ ಅರದಿಂದ ಸಮಸಮ ಗೆರೆ ಕೊರೆದು ತಂದ. ಅಳೆಯುವ ಕೆಲಸ ನನಗೆ ಬಂತು, ಬೇರೆಯವರೆಲ್ಲ ಮೈಲಿಗೆಯಾದರೆ ಅಡುಗೆ ಯಾರು ಮಾಡಬೇಕು ಎಂಬ ಪ್ರಶ್ನೆಯಿತ್ತಲ್ಲ.

ಮಧ್ಯಾಹ್ನದ ಊಟದ ಹೊತ್ತಾಯಿತು. ಅಜ್ಜಿ ಸ್ವಾಮಿಯ ಪಟದ ಮುಂದೆ ತುಪ್ಪದ ದೀಪ ಹಚ್ಚಿ, ನನ್ನನ್ನು ಮುಂದೆ ಕೂರಿಸಿಕೊಂಡು ನನ್ನ ಎರಡೂ ಕಣ್ಣಿನ ಮೇಲೆ ಕೈ ಇಟ್ಟು, "ಆಣೆ ಹಾಕ್ಸಿದ್ದು ನಾನು, ಮುರಿದಿದ್ದೂ ನನ್ನ ಲೆಕ್ಕಕ್ಕೇ ಬರ್ಕೋ ಸ್ವಾಮೀ, ಕೂಸಿಂದು ಏನಿಲ್ಲ," ಎಂದಳು. ನನ್ನ ಕಣ್ಣುಗಳು ಇವತ್ತಿಗೂ ಕನ್ನಡಕವಿಟ್ಟರೆ ಸೂಜಿಗೆ ದಾರ ಪೋಣಿಸುತ್ತವೆ. ಸಣ್ಣ ಕೃಪೆ ಅನ್ನುವವರು ಅನ್ನಲಿ, ನನಗೆ ದೊಡ್ಡದೇ. ಆದರೆ ದೀಪ ಹಚ್ಚಿದ ಮೇಲೂ ಸಪ್ಪೆ ತಟ್ಟೆಯನ್ನು ಎತ್ತಿಕೊಳ್ಳಲು ಅಜ್ಜಿಯ ಕೈ ಮುಂದೆ ಬರಲಿಲ್ಲ. ಅಜ್ಜಿಯ ಮಾತಿಗೆದುರು ಒಂದು ಮಾತೂ ಆಡದ ಅವ್ವ ಆಗ ಒಲೆಯ ಮುಂದಿನಿಂದಲೇ ಹೇಳಿದಳು:

"ಅತ್ತೀ, ಷಷ್ಠಿ ದಿನ ನಾವೆಲ್ಲ ಉಪ್ಪು ಬಿಟ್ಟು ಉಣ್ಣಲ್ವಾ? ಅದನ್ನ ಸೂತಕ ಅಂತೀವೇನು? ವ್ರತ ಅಂತೀವಿ."

ಅವ್ವ ಸೌಟು ಹಿಡಿದು ಕಾದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಎದ್ದು, ಎರಡು ಎಲೆ ತೆಗೆದುಕೊಂಡು ನಡುಮನೆಗೆ ಹೋಗಿ ಅತ್ತೆಯ ಮುಂದೆ ಒಂದು, ಅದಕ್ಕೆ ಎದುರಾಗಿ ತನಗೊಂದು ಹಾಸಿದಳು.

"ನಂಗೂ ಅದನ್ನೇ ಹಾಕು. ಇವಳ ಕಾಲು ಇಳಿಯೋ ತನಕ ಇಬ್ಬರದೂ ವ್ರತ."

"ನಿಂಗ್ಯಾಕವ್ವ," ಅಂದಳು ಅತ್ತೆ.

"ಬಾಯಿ ಮುಚ್ಚು. ಉಸಿರು ಉಳ್ಸು."

ಅಜ್ಜಿ ಮೊದಲ ತುತ್ತು ಬಾಯಿಗಿಟ್ಟು ಅಗಿದು ಅಗಿದು ನುಂಗಿದಳು. "ನಿನ್ನ ಸಾರು ಕಾಗದ ನೆನೆಸಿದಂಗೈತೆ ಕಣೇ," ಎಂದು ಸೊಸೆಗೆ ಕೂಗಿ ಹೇಳಿದಳು. ಎಷ್ಟೋ ದಿನದ ಮೇಲೆ ಅತ್ತೆ ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಎಲೆ ಸರಿಸದೆ ಉಂಡಳು. ಅಜ್ಜಿ ಒಂದು ತುತ್ತು, ಅವಳು ಒಂದು ತುತ್ತು.

ಅಜ್ಜಿಯ ಆ ವ್ರತ ಅತ್ತೆಯ ಕಾಲು ಇಳಿದ ಮೇಲೂ ಮುಗಿಯಲಿಲ್ಲ, ಅವಳು ನಮ್ಮಲ್ಲಿದ್ದ ನಾಲ್ಕು ತಿಂಗಳೂ ನಡೆಯಿತು. ಹಾಳಾದ ವಾಲ್ ಸರಿಹೋಗಲಿಲ್ಲ, ಹೋಗುವಂಥದ್ದೂ ಅಲ್ಲ. ಮಾವ ಬಂದು ಕರೆದುಕೊಂಡು ಹೋದ. ಉಳವಿಯಲ್ಲಿ ಬಾವಿಯ ನೀರು ತಾನೇ ಹೊತ್ತ. ಹೆಂಡತಿಯ ಕೊಡ ಹೊರುವವನು ಎಂದು ಊರು ನಕ್ಕರೆ, "ಅವಳ ಎದೆ ಹೊರೋದಕ್ಕಿಂತ ಇದು ಹಗುರ," ಅನ್ನುತ್ತಿದ್ದನಂತೆ. ಹಾಗೆ ಒಂಬತ್ತು ವರ್ಷ ಅವಳು ಬದುಕಿದಳು. ಕಡಿಮೆಯಾಯಿತು ಎಂದು ಅಪ್ಪ ಕೊನೆಯ ತನಕ ಅನ್ನುತ್ತಿದ್ದ. ನಾನೋ ಡಾಕ್ಟರ ಕೈಯಲ್ಲಿ ನಿಂತ ಆ ಶೀಸೆಯನ್ನು ನೋಡಿದವಳು, ಒಂಬತ್ತನ್ನೂ ಕೊಟ್ಟದ್ದೆಂದೇ ಎಣಿಸುತ್ತೇನೆ.

ಸೂಜಿ ಹಾಕಿದ ಆ ದಿನದ ಸಂಜೆ ಅಂಗಡಿಯಲ್ಲಿ ಅಪ್ಪನ ಸುತ್ತಿಗೆಯ ಸದ್ದಿರಲಿಲ್ಲ, ಅವನು ಸುಮ್ಮನೆ ಪಡಸಾಲೆಯಲ್ಲಿ ಕೂತಿದ್ದ. ಮುಂಚೆ ಅತ್ತೆಯ ಮೂತ್ರ ಇಡೀ ದಿನಕ್ಕೆ ಡಬ್ಬಿಯ ಮೂರು ಗೆರೆಯೂ ತುಂಬದಂಥ ಸ್ಥಿತಿಯಿತ್ತು ಎಂದು ಅವ್ವ ಹೇಳಿದ್ದಳು. ನಾನು ಹಿತ್ತಲಲ್ಲಿ ಅಳೆದು, ನಂಬಿಕೆಯಾಗದೆ ಮತ್ತೆ ಬೆರಳಿಟ್ಟು ಎಣಿಸಿ, ಅಲ್ಲಿಂದಲೇ ಕೂಗಿದೆ.

"ಅಪ್ಪಾ! ಹನ್ನೊಂದು ಗೆರೆ!"

"ಕೂಗಬ್ಯಾಡ ಕಣೇ, ರಸ್ತೆಗೆ ಕೇಳ್ತದೆ," ಅಂದಳು ಅವ್ವ. ಅಷ್ಟರಲ್ಲಿ ನಡುಮನೆಯಿಂದ ಅಜ್ಜಿ, "ಕೇಳ್ಲಿ ಬಿಡು, ಇನ್ನೊಂದ್ಸಲ ಹೇಳೇ ಪಾರೀ," ಅಂದಳು. ನಾನು ಇನ್ನೊಂದು ಸಲ ಹೇಳಿದೆ. ಪಡಸಾಲೆಯಲ್ಲಿ ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡದ್ದು ಕಾಣಿಸಿತು. ಅತ್ತೆ ಹಾಸಿಗೆಯ ಸುರುಳಿಗಳಲ್ಲಿ ಒಂದನ್ನು ತೆಗೆಸಿ, ಮೊದಲಿಗಿಂತ ಒಂದು ಮೊಳ ಕೆಳಗೆ ಒರಗಿದ್ದಳು.

"ಎಣಿಸಿದ್ದು ಸಾಕು, ಕೈಕಾಲು ತಿಕ್ಕಿ ತೊಳ್ಕೊಂಡು ಬಾ," ಅಂದಳು ಅವ್ವ. ನಾನು ತೊಳೆದು ಬಂದು, ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸತೊಡಗಿದೆ.